ಎತ್ತದೆ ಒತ್ತಿದ ತಿದಿ

"ಗುರುಗಳೇ, ಹೃದಯ ಹಿಂಡಿದಾಗ ರಕ್ತ ಹೊರಡುತ್ತದೆ ಎಂದಿರಿ. ಹಾಗಾದರೆ ಹೆಚ್ಚು ಸಲ ಹಿಂಡಿದಷ್ಟೂ ಒಳ್ಳೆಯದಲ್ಲವೇ?"

ಶಿಷ್ಯ ಕಲ್ಲಪ್ಪ ಇದನ್ನು ಕೇಳುತ್ತಿದ್ದದ್ದು ಮೂರನೆಯ ಸಲ. ಬೇರು ಅರೆಯುತ್ತಿದ್ದ ಪಂಡಿತರು ಗುಂಡುಕಲ್ಲನ್ನು ಪಕ್ಕಕ್ಕಿಟ್ಟರು. ಈಗ ಯಾಕೆ ನೆನಪಾಯಿತು ಎಂದು ಕೇಳಿದರು.

ನೇಕಾರ ಕೇರಿಯ ಈರಮ್ಮಜ್ಜಿಯ ನಾಡಿ ನೋಡಿ ಬಂದೆ ಎಂದ ಕಲ್ಲಪ್ಪ. ಅಜ್ಜಿಗೆ ಬೆಳಗಿನಿಂದ ಏದುಸಿರು. ಗಡಿಯಾರ ನೋಡಿಕೊಂಡು ಎಣಿಸಿದ್ದ. ನಿಮಿಷಕ್ಕೆ ನೂರನಲವತ್ತು. ಹೃದಯ ಜೋರಾಗಿ ದುಡಿಯುತ್ತಿದೆ, ಹೆದರಬೇಡಿ ಎಂದು ಹೇಳಿದ್ದ. ಮಗ ಆಸ್ಪತ್ರೆಗೆಂದು ಆಟೋ ತರಿಸಿದ್ದ. ಅದನ್ನೂ ಕಲ್ಲಪ್ಪ ವಾಪಸು ಕಳಿಸಿ ಬಂದಿದ್ದ.

ಪಂಡಿತರು ಚಪ್ಪಲಿ ಮೆಟ್ಟಿ, ಶಿಷ್ಯನನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೊರಟರು. ನಡೆಯುತ್ತಲೇ ಒಂದು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಅವನು ಸುತ್ತಿಗೆ ಹಿಡಿಯುತ್ತಿದ್ದ, ಹೆಂಡತಿ ತಿದಿ ಒತ್ತುತ್ತಿದ್ದಳು. ಆ ಮನೆತನದಲ್ಲಿ ಗಂಡಸರು ತಿದಿ ಮುಟ್ಟುತ್ತಿರಲಿಲ್ಲ. ಅದರಲ್ಲಿ ಕಲಿಯುವುದೇನಿದೆ ಎಂದು ಅವನ ಅಪ್ಪನೂ ಅನ್ನುತ್ತಿದ್ದ, ಅವನೂ ಅನ್ನುತ್ತಿದ್ದ.

ತಿದಿ ಎಂದರೆ ಒಂದು ಚರ್ಮದ ಚೀಲ. ಎತ್ತಿದರೆ ಅಡಿಯ ತೂತಿನ ಮುಚ್ಚಳ ತೆರೆದು ಗಾಳಿ ಒಳಗೆ ತುಂಬುತ್ತದೆ. ಒತ್ತಿದರೆ ಆ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದೆ, ಗಾಳಿ ಕೊಳವೆಯಿಂದ ಬೆಂಕಿಗೆ ಹೋಗುತ್ತದೆ. ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವಂತಿಲ್ಲ. ನಿನ್ನ ಎದೆಯೊಳಗೆ ನಡೆಯುವುದೂ ಇಷ್ಟೇ. ಮೂರು ಸಲ ಹೇಳಿದ್ದೇನೆ.

ಒಂದು ದಿನ ಗಾಡಿಯವನೊಬ್ಬ ಬಂದ. ಗಾಡಿಯಲ್ಲಿ ಅವನ ತಂಗಿ, ತುಂಬು ಬಸುರಿ. ನೋವು ಶುರುವಾಗಿತ್ತು. ಸೂಲಗಿತ್ತಿ ಇದ್ದದ್ದು ಹಳ್ಳದ ಆಚೆಯ ಊರಿನಲ್ಲಿ. ದಾರಿಯಲ್ಲಿ ಚಕ್ರದ ಕಬ್ಬಿಣದ ಪಟ್ಟಿ ತುಂಡಾಗಿತ್ತು. ತುದಿಗಳನ್ನು ಬೆಸೆಯಬೇಕು. ಬೆಸೆಯಲು ಕಬ್ಬಿಣ ಬೆಳ್ಳಗೆ ಕಾಯಬೇಕು, ಕೆಂಪು ಸಾಲದು.

ಕಮ್ಮಾರ ಬೆಂಕಿ ನೋಡಿದ, ಹೆಂಡತಿಯನ್ನು ನೋಡಿದ. ಅವಳು ಪೂರ್ತಿ ಎತ್ತಿ, ಪೂರ್ತಿ ಒತ್ತುತ್ತಿದ್ದಳು.

"ಒತ್ತೋದಕ್ಕಿಂತ ಎತ್ತೋದೇ ಜಾಸ್ತಿ ಆಯ್ತಲ್ಲೇ ನಿಂದು. ಅಲ್ಲಿ ಹೆಣ್ಣುಮಗಳು ಒದ್ದಾಡ್ತಿದ್ದಾಳೆ."

"ಎತ್ತದೆ ಏನನ್ನ ಒತ್ತಲಿ? ನೀವೇ ಬಂದು ಒತ್ತಿ ನೋಡಿ."

ಬಂದ. ಅವಳು ಒಂದು ಸಲ ಒತ್ತುವ ಹೊತ್ತಿನಲ್ಲಿ ಇವನು ಮೂರು ಸಲ ಒತ್ತಿದ. ತಿದಿ ನಾಲ್ಕು ಬೆರಳು ಏಳುವುದರೊಳಗೆ ಮತ್ತೆ ಅದುಮಿದ. ಮೈಯೆಲ್ಲ ಬೆವರಾಯಿತು. ಕೆಲಸ ಅಂದರೆ ಇದು ಎಂದು ಗಾಡಿಯವನು ಹೊಗಳಿದ. ಕಮ್ಮಾರ ಇನ್ನೂ ಜೋರು ಮಾಡಿದ. ಬೆಳ್ಳಗಾಗುತ್ತ ಬಂದಿದ್ದ ಕಬ್ಬಿಣ ಮತ್ತೆ ಕೆಂಪಾಯಿತು. ಬಿಡಿ, ನಾನು ಒತ್ತುತ್ತೇನೆ ಎಂದಳು ಹೆಂಡತಿ. ಕೆಲಸ ಮಾಡುವವನಿಗೆ ಅಡ್ಡ ಬರಬೇಡ ಎಂದು ರೇಗಿದ. ಅವಳು ಗಾಡಿಯ ಹತ್ತಿರ ಹೋಗಿ ಬಸುರಿಯ ಬೆನ್ನು ನೀವುತ್ತ ಕೂತಳು.

ಕೆಂಪು ಕಬ್ಬಿಣವನ್ನೇ ಬಡಿದು ಬೆಸೆದ. ನೋಡುವುದಕ್ಕೆ ಕೂಡಿದಂತಿತ್ತು. ಚಕ್ರಕ್ಕೆ ತೊಡಿಸಿದ. ಗಾಡಿ ಹೊರಟಿತು. ಹಳ್ಳದ ಇಳಿಜಾರಿನಲ್ಲಿ ಬೆಸುಗೆ ಬಿಟ್ಟಿತು, ಗಾಡಿ ಮಗುಚಿತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಪಂಡಿತರು ಅಲ್ಲಿಗೆ ನಿಲ್ಲಿಸಿದರು. ಆದರೂ ಕಮ್ಮಾರ ಕಷ್ಟಪಟ್ಟು ದುಡಿದದ್ದು ನಿಜವಲ್ಲವೇ ಎಂದ ಕಲ್ಲಪ್ಪ. ಪಂಡಿತರು ಹಲ್ಲು ಕಚ್ಚಿಕೊಂಡು ನಡೆದರು.

ಈರಮ್ಮಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಪಂಡಿತರು ಮಣಿಕಟ್ಟು ಹಿಡಿದರು. ನಾಡಿ ಓಡುತ್ತಿತ್ತು, ಆದರೆ ನೂಲಿನ ಎಳೆಯಷ್ಟು ಸಣ್ಣಗೆ. ಆಟೋವನ್ನು ಈಗಲೇ ಕರೆಸು, ಇದು ಆಸ್ಪತ್ರೆಯ ಕೆಲಸ ಎಂದು ಮಗನಿಗೆ ಹೇಳಿದರು. ಆಟೋ ಬಂತು. ಅಜ್ಜಿಯನ್ನು ಎತ್ತಿ ಕೂರಿಸಿದರು. ಅದು ಕೇರಿಯ ತಿರುವು ದಾಟುವವರೆಗೆ ಪಂಡಿತರು ನಿಂತಿದ್ದರು. ಆಮೇಲೆ ಶಿಷ್ಯನ ಕಡೆ ತಿರುಗಿದರು.

"ನೂರನಲವತ್ತು ಎಣಿಸಿದೆಯಲ್ಲ ಮಾರಾಯ, ಅದರಲ್ಲಿ ತುಂಬಿ ಬಂದದ್ದು ಎಷ್ಟು?"