ನಾಲ್ಕು ಸಾಫ್ಟ್‌ವೇರ್, ಒಂದು ಬಂಡೆ

"ಗುರುಗಳೇ, ಹನ್ನೆರಡು ವರ್ಷ ಬಿಟ್ಟು ಮತ್ತೆ ಸಾಧನೆಗೆ ಕೂತಿದ್ದೇನೆ. ಜಪ ಹಿಡಿ ಎನ್ನುತ್ತಾರೆ ಒಬ್ಬರು. ಉಸಿರನ್ನು ನೋಡು ಎನ್ನುತ್ತಾರೆ ಇನ್ನೊಬ್ಬರು. ಏನೂ ಬೇಡ, ಸೇವೆ ಮಾಡು ಸಾಕು ಎಂದವರೂ ಇದ್ದಾರೆ. ಮೂರನ್ನೂ ಮಾಡಿ ನೋಡಿದೆ. ಯಾವುದು ಮೇಲೆಂದು ತಿಳಿಯಲಿಲ್ಲ. ಯಾವುದನ್ನು ಆರಿಸಲಿ?"

ಈರಯ್ಯ ಎಂಬ ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮಠದ ಕಟ್ಟೆಯ ಮೇಲೆ ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಅವರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನರ್ಸ್ ಇದ್ದಳು. ಹರೆಯದಲ್ಲಿ ಅವಳಿಗೆ ಫೋಟೊ ತೆಗೆಯುವ ಹುಚ್ಚು. ಅಣ್ಣ ಕೊಡಿಸಿದ ಕ್ಯಾಮೆರಾಕ್ಕೆ ರೀಲು ಹಾಕಿ ಕೆರೆ, ಗುಡ್ಡ, ಸಂತೆ ಎಂದು ಅಲೆಯುತ್ತಿದ್ದಳು. ಬಚ್ಚಲಿಗೆ ಕೆಂಪು ಬಲ್ಬು ಹಾಕಿಕೊಂಡು ಪ್ರಿಂಟನ್ನೂ ತಾನೇ ತೊಳೆಯುತ್ತಿದ್ದಳು. ಆಮೇಲೆ ಆಸ್ಪತ್ರೆಯ ಪಾಳಿ ಬಂತು. ತಾಯಿ ಹಾಸಿಗೆ ಹಿಡಿದಳು. ಕ್ಯಾಮೆರಾ ಟ್ರಂಕಿನ ತಳ ಸೇರಿತು. ಹಾಗೆಯೇ ಮೂವತ್ತು ವರ್ಷ ಕಳೆಯಿತು.

ನಿವೃತ್ತಿಯಾದ ಮೇಲೆ ಅವಳು ಹೊಸ ಕ್ಯಾಮೆರಾ ಕೊಂಡಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಸುಕಿನಲ್ಲೇ ಊರಾಚೆಯ ಗುಡ್ಡಕ್ಕೆ ಹೋದಳು. ಒಂದು ದೊಡ್ಡ ಬಂಡೆಯ ಎದುರಿಗೆ, ಹದಿನೈದು ಹೆಜ್ಜೆ ದೂರದಲ್ಲಿ ಕೂತಳು. ಒಂದು ತಾಸು ಕೂತಿದ್ದಳು. ಬಂಡೆಯ ನೆತ್ತಿಗೆ ಬಿಸಿಲು ತಾಗಿದಾಗ ಒಂದು ಚಿತ್ರ ತೆಗೆದಳು. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಆಕಾಶ ಬೆಳ್ಳಗೆ ಸುಟ್ಟುಹೋಗಿತ್ತು. ಬಂಡೆಯ ಹೊಟ್ಟೆಯೆಲ್ಲ ಬರೀ ಕಪ್ಪು.

ಅವಳು ಅದನ್ನು ಸ್ಟುಡಿಯೋದವನಿಗೆ ತೋರಿಸಿದಳು.

"ಇದಕ್ಕ್ಯಾಕ ಚಿಂತಿ ಮಾಡ್ತೀರಿ ಸಿಸ್ಟರ್?" ಎಂದ ಅವನು. "ಈಗ ಫೋಟೊ ಅರ್ಧ ಕ್ಯಾಮೆರಾದಾಗ, ಇನ್ನರ್ಧ ಸಾಫ್ಟ್‌ವೇರಿನಾಗ. ತಿದ್ದಲಾರದ ಯಾರೂ ತೋರಸಂಗಿಲ್ಲ."

"ಹಾಗಾದರೆ ಯಾವ ಸಾಫ್ಟ್‌ವೇರ್ ಒಳ್ಳೇದು?"

ಅವನು ಒಂದರ ಹೆಸರು ಹೇಳಿದ. ಅವಳು ಇನ್ನೂ ಮೂವರನ್ನು ಕೇಳಿದಳು. ಮೂವರೂ ಬೇರೆ ಬೇರೆ ಹೆಸರು ಹೇಳಿದರು. ಒಂದು, ದೊಡ್ಡ ಕಲಾವಿದರು ಬಳಸುವುದು. ಒಂದು ಪುಕ್ಕಟೆ ಸಿಗುವುದು. ಒಂದು ಕಲಿಯಲು ಕಷ್ಟ, ಕಲಿತರೆ ಕೂದಲೆಳೆಯಷ್ಟೂ ತಪ್ಪದ್ದು. ಇನ್ನೊಂದು ತಾನೇ ಯೋಚಿಸಿ ತಾನೇ ತಿದ್ದುವುದು. ಅವಳು ನಾಲ್ಕನ್ನೂ ಕಂಪ್ಯೂಟರಿಗೆ ಹಾಕಿಕೊಂಡಳು.

ಹೋಲಿಸಬೇಕಾದರೆ ಚಿತ್ರ ಒಂದೇ ಇರಬೇಕೆಂದು ಅವಳಿಗೆ ಗೊತ್ತಿತ್ತು. ಬಂಡೆಯ ಚಿತ್ರವನ್ನೇ ಇಟ್ಟುಕೊಂಡಳು. ಹೇಗೂ ಕೆಟ್ಟ ಚಿತ್ರ, ಇನ್ನಷ್ಟು ಕೆಟ್ಟರೆ ನಷ್ಟವಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದಳು. ರೋಗಿಯ ಜ್ವರ ಬರೆಯುವ ಶಿಸ್ತಿನಲ್ಲಿ ಅಂಕ ಬರೆಯತೊಡಗಿದಳು. ನೆರಳನ್ನು ಬೆಳಗಿಸುವುದರಲ್ಲಿ ಮೊದಲನೆಯದಕ್ಕೆ ಎಂಟು. ಬಣ್ಣದಲ್ಲಿ ಎರಡನೆಯದಕ್ಕೆ ಒಂಬತ್ತು. ನಾಲ್ಕನೆಯದರಲ್ಲಿ ಗುಂಡಿ ಒತ್ತಿದರೆ ಸಾಕು, ಚುಕ್ಕೆ, ಕಲೆ, ಧೂಳು ಎಲ್ಲ ಮಾಯ. ಅದಕ್ಕೆ ಹತ್ತಕ್ಕೆ ಹತ್ತು. ಕೂಡಿ ನೋಡಿದರೆ ಎಲ್ಲವೂ ಹೆಚ್ಚುಕಮ್ಮಿ ಸಮ. ಮತ್ತೆ ಗೆರೆ ಹೊಡೆದಳು. ಮತ್ತೆ ಅದೇ ಬಂಡೆಯನ್ನು ತೆರೆದಳು.

ಎರಡು ತಿಂಗಳು ಹೋದವು. ಆ ಎರಡು ತಿಂಗಳಲ್ಲಿ ಅವಳು ಒಮ್ಮೆಯೂ ಗುಡ್ಡಕ್ಕೆ ಹೋಗಲಿಲ್ಲ. ಇನ್ನೊಂದು ಚಿತ್ರ ತೆಗೆಯಲಿಲ್ಲ. ಕಡೆಗೊಂದು ಸಂಜೆ ಅವಳಿಗೆ ಅನ್ನಿಸಿತು: ಸಾಧನದಲ್ಲಿ ಕೊರತೆಯಿಲ್ಲ, ನನ್ನ ಕಣ್ಣೇ ಹೋಗಿದೆ. ಮೂವತ್ತು ವರ್ಷ ಬಿಟ್ಟ ವಿದ್ಯೆ ಕರೆದರೆ ಬರುತ್ತದೆಯೇ? ನಾಳೆಯೇ ಕ್ಯಾಮೆರಾವನ್ನು ಸ್ಟುಡಿಯೋದವನಿಗೆ ಕೊಟ್ಟುಬಿಡುತ್ತೇನೆ. ಹಾಗೆ ನಿಶ್ಚಯಿಸಿದ ಮೇಲೆ ಅವಳು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಮಾರುವ ಮುದುಕಿಯೊಬ್ಬಳು ಬಿಪಿ ನೋಡಿಸಿಕೊಳ್ಳಲು ಬಂದಳು. ಕಂಪ್ಯೂಟರಿನಲ್ಲಿ, ನೆರಳು ಬೆಳಗಿಸಿದ ಬಂಡೆಯ ಚಿತ್ರ ತೆರೆದೇ ಇತ್ತು. ನರ್ಸ್ ಮುದುಕಿಯ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳನ್ನು ನೋಡುತ್ತಿದ್ದಳು. ಮುದುಕಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಅವಳು ಚಿತ್ರ ನೋಡುತ್ತಿದ್ದಳು.

"ಯವ್ವಾ, ಅಕಿ ಯಾಕ ನಿನ್ನ ಹಂಗ ನೋಡಾಕತ್ತಾಳ?" ಎಂದಳು.

"ಯಾರು?"

"ಅಲ್ಲಿ, ಕಲ್ಲಿನ ಸಂದ್ಯಾಗ. ಗೂಗಿ."

ನರ್ಸ್ ತಿರುಗಿ ನೋಡಿದಳು. ಅಲ್ಲಿ ಕಲ್ಲಿತ್ತು. ಮುದುಕಿ ಹಿಟ್ಟು ಮೆತ್ತಿದ ಬೆರಳನ್ನು ಚಿತ್ರದ ಮೇಲಿಟ್ಟಳು. ಆಗ ಕಲ್ಲಿಗೆ ಎರಡು ಕೊಂಬು ಮೂಡಿದವು. ಕಲ್ಲಿನ ಗೆರೆಗಳು ಎದೆಯ ಗರಿಗಳಾದವು. ಕೊಂಬುಗಳ ಕೆಳಗೆ ಕೆಂಡದಂಥ ಎರಡು ಕಣ್ಣು. ದೊಡ್ಡದೊಂದು ಗೂಬೆ ಅವಳನ್ನೇ ನೇರವಾಗಿ ನೋಡುತ್ತಿತ್ತು.

ಅಂದು ಗುಡ್ಡದಲ್ಲಿ ತಾನೊಬ್ಬಳೇ ಇದ್ದೇನೆಂದು ನರ್ಸ್ ಅಂದುಕೊಂಡಿದ್ದಳು. ಆ ಒಂದು ತಾಸೂ ಅದು ಅವಳ ಎದುರಿಗೇ ಕೂತಿತ್ತು. ಎರಡು ತಿಂಗಳಿಂದ ಅವಳ ಮೇಜಿನ ಮೇಲೂ ಕೂತಿತ್ತು.

ಅವಳು ಮೊದಲನೆಯ ಸಾಫ್ಟ್‌ವೇರ್ ತೆರೆದಳು. ಗೂಬೆ ಇತ್ತು. ಎರಡನೆಯದರಲ್ಲೂ ಇತ್ತು, ಮೂರನೆಯದರಲ್ಲೂ ಇತ್ತು. ನಾಲ್ಕನೆಯದನ್ನು ತೆರೆದಳು. ಅಲ್ಲಿ ಇರಲಿಲ್ಲ. ಗರಿಯ ಗೆರೆಗಳನ್ನು ಧೂಳೆಂದು, ಎರಡು ಕಣ್ಣುಗಳನ್ನು ಕಲೆಯೆಂದು ಅದು ಒರೆಸಿಹಾಕಿತ್ತು. ಬಂಡೆ ನುಣ್ಣಗೆ, ಚೊಕ್ಕಟವಾಗಿತ್ತು. ಪಕ್ಕದ ನೋಟ್‌ಬುಕ್ಕಿನಲ್ಲಿ ಅವಳದೇ ಕೈಬರಹದಲ್ಲಿ ಹತ್ತಕ್ಕೆ ಹತ್ತು ಇತ್ತು.

ಅವಳು ಮುದುಕಿಯ ತೋಳಿನ ಪಟ್ಟಿ ಬಿಚ್ಚುವುದನ್ನೂ ಮರೆತು ಕೂತಳು.

ಮಾರನೆಯ ದಿನ ನಸುಕಿನಲ್ಲಿ ಗುಡ್ಡಕ್ಕೆ ಹೋದಳು. ಅದೇ ಜಾಗದಲ್ಲಿ ಕೂತಳು. ಬಹಳ ಹೊತ್ತು ಬಂಡೆ ಬಂಡೆಯಾಗಿಯೇ ಇತ್ತು. ಆಮೇಲೆ ಬಂಡೆ ಕಣ್ಣು ಮಿಟುಕಿಸಿತು. ಗೂಬೆ ಅಲ್ಲಿಯೇ ಇತ್ತು. ಅದರ ಮಗ್ಗುಲಲ್ಲಿ ಬೂದು ತುಪ್ಪಳದ ಎರಡು ಮರಿಗಳಿದ್ದವು. ಅಂದು ಅದು ಮೊಟ್ಟೆಗಳ ಮೇಲೆ ಕೂತಿದ್ದಿರಬೇಕು. ಇವಳು ಅಂಕ ಹಾಕುತ್ತಿದ್ದಾಗ ಮೊಟ್ಟೆ ಒಡೆದಿತ್ತು, ಮರಿಗಳು ಬೆಳೆದಿದ್ದವು.

ಬಿಸಿಲು ಬಂಡೆಯ ನೆತ್ತಿಯಿಂದ ಮೆಲ್ಲಗೆ ಇಳಿಯಿತು. ಗೂಬೆಯ ತಲೆಯ ಗರಿಕೊಂಬಿಗೆ ತಾಗಿತು. ಕಣ್ಣಿಗೆ ತಾಗಿತು. ಎದೆಯ ಒಂದೊಂದು ಗರಿಗೂ ತಾಗಿತು. ಗೂಬೆ ಹಾರಲಿಲ್ಲ, ಅಂಜಲಿಲ್ಲ. ಸುಮ್ಮನೆ ನೋಡಿತು. ಆಸ್ಪತ್ರೆಯಲ್ಲಿ ಸಾವಿರ ಹೆರಿಗೆ ಕಂಡವಳು ಅವಳು. ಹುಟ್ಟನ್ನೂ ಸಾವನ್ನೂ ಇದೇ ಕೈಯಲ್ಲಿ ಎತ್ತಿದವಳು. ಆದರೂ ಕ್ಯಾಮೆರಾ ಎತ್ತಬೇಕೆಂದು ಮೇಲೆ ಬಂದ ಎರಡು ಕೈಗಳು ಎದೆಯ ಹತ್ತಿರ ತಾವಾಗಿ ಮುಗಿದುಕೊಂಡವು. ಎಷ್ಟು ಹೊತ್ತು ಹಾಗಿದ್ದಳೋ ಅವಳಿಗೇ ಗೊತ್ತಿಲ್ಲ.

ಬಿಸಿಲು ಏರಿದ ಮೇಲೆ ಒಂದೇ ಒಂದು ಚಿತ್ರ ತೆಗೆದಳು. ಮನೆಗೆ ಬಂದು ಮೂರು ಸಾಫ್ಟ್‌ವೇರ್ ತೆಗೆದುಹಾಕಿದಳು, ಒಂದನ್ನು ಉಳಿಸಿಕೊಂಡಳು. ಅದಕ್ಕೆ ಅರೆಗಳಿಗೆಯೂ ಹಿಡಿಯಲಿಲ್ಲ. ಮರುದಿನ ಮತ್ತೆ ಗುಡ್ಡ ಹತ್ತಿದಳು.

ಗುರುಗಳು ಇಷ್ಟು ಹೇಳಿ ಇನ್ನೊಂದು ತೊಗರಿಕಾಯಿ ಕೈಗೆತ್ತಿಕೊಂಡರು. ಈರಯ್ಯ ಕಾದ.

"ಅವಳು ಉಳಿಸಿಕೊಂಡದ್ದು ಯಾವುದನ್ನು, ಗುರುಗಳೇ?" ಎಂದು ಕೇಳಿದ.

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು.

"ಮೂರನ್ನೂ ಹಿಡಿದು ನೋಡಿದೆಯಲ್ಲ ಈರಯ್ಯಾ, ಆಗೆಲ್ಲ ನಿನ್ನನ್ನೇ ನೋಡುತ್ತ ಕೂತಿದ್ದವರು ಯಾರು?"