ಅಂಟಿಕೊಂಡ ಮೊದಲ ದೋಸೆ

ಎದೆಯ ಯಂತ್ರಕ್ಕೂ ರಕ್ತಕ್ಕೂ ರಾಜಿ ಮಾಡಿಸಿದವನು ನಾನು. ಸಾಕ್ಷಿಗಳು ಮೂವರಿದ್ದರು. ಇಬ್ಬರು ತೀರಿಕೊಂಡರು. ಮೂರನೆಯದು ಕರು.

ಇದನ್ನು ಹೇಳಬೇಕಾಗಿ ಬಂದದ್ದು ಚೆನ್ನಾಜಮ್ಮ ಕೇಳಿದ ಒಂದು ಪ್ರಶ್ನೆಯಿಂದ. ನನ್ನ ಬಳಿ ದೋಸೆ ಹಾಕಲು ಕಲಿತ ಹನ್ನೊಂದು ಜನರಲ್ಲಿ ಅವಳೊಬ್ಬಳೇ ಹೆಂಗಸು. ಕಲಿತು ಸ್ವಂತ ಹೋಟೆಲು ಇಟ್ಟವಳೂ ಅವಳೊಬ್ಬಳೇ. ಈಗ ಅವಳ ಹೃದಯ ಸೋತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಎದೆಯೊಳಗೆ ಒಂದು ಪಂಪು ಕೂಡಿಸುತ್ತೇವೆ, ಸೋಮವಾರದೊಳಗೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಎಂದು ಡಾಕ್ಟರು ಹೇಳಿದ್ದರು. ಹಾಕದಿದ್ದರೆ ಮುಂದಿನ ಯುಗಾದಿ ಕಾಣುವುದಿಲ್ಲ ಎಂದೂ ಹೇಳಿದ್ದರು. ಅವಳು ಸಹಿ ಹಾಕಿರಲಿಲ್ಲ. ಗಂಡ ತಿಪ್ಪೇಶಿ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ನನ್ನ ಮನೆಗೆ ಬಂದ.

ಅವಳು ಕೇಳಿದಳು: "ಗುರುಗಳೇ, ಆ ಪಂಪು ಕಬ್ಬಿಣದ ಜಾತಿಯದು. ನನ್ನ ಜೊತೆ ಹುಟ್ಟಿದ್ದಲ್ಲ. ಕಾಲಿಗೆ ಸಣ್ಣ ಮುಳ್ಳು ಹೊಕ್ಕರೂ ಮೈ ಕೀವು ಕಟ್ಟಿ ಹೊರಗೆ ತಳ್ಳುತ್ತದೆ. ಮುಳ್ಳನ್ನೇ ಒಪ್ಪದ ಮೈ ಪಂಪನ್ನು ಒಪ್ಪುತ್ತದೆಯೇ?"

"ಡಾಕ್ಟರು ಏನೆಂದರು?"

"ಒಪ್ಪುತ್ತದೆ ಎಂದರು. ಅವರು ಓದಿದವರು, ಓದಿದ್ದನ್ನು ಹೇಳುತ್ತಾರೆ. ನೀವು ಓದಿಲ್ಲ. ಅದಕ್ಕೇ ಕೇಳಲು ಬಂದೆ."

"ಕೇಳಬೇಡ, ಇವರು ಕತೆ ಶುರುಮಾಡುತ್ತಾರೆ" ಎಂದ ತಿಪ್ಪೇಶಿ.

"ಕತೆಯಲ್ಲಪ್ಪ, ನಡೆದದ್ದು" ಎಂದು ನಾನು ಶುರುಮಾಡಿದೆ.

ಒಂದು ಊರಿನಲ್ಲಿ ಒಬ್ಬ ಯಂತ್ರಗಾರನಿದ್ದ. ಅವನು ಲೋಹದಲ್ಲಿ ಒಂದು ಹೃದಯ ಮಾಡಿದ. ಅದು ನೀರನ್ನು ತಪ್ಪದೆ ತಳ್ಳುತ್ತಿತ್ತು. ಎಣ್ಣೆಯನ್ನೂ ತಳ್ಳುತ್ತಿತ್ತು. ಅದನ್ನು ಒಂದು ಕರುವಿನ ಎದೆಗೆ ಕೂಡಿಸಿದ. ಕರು ಮೂರು ದಿನ ನಿಂತಿತು. ನಾಲ್ಕನೆಯ ದಿನ ಬಿತ್ತು. ಯಂತ್ರವನ್ನು ಬಿಚ್ಚಿ ನೋಡಿದರೆ ಒಳಗೆ ರಕ್ತ ಹೆಪ್ಪುಗಟ್ಟಿ ಕುಳಿತಿತ್ತು. ಅದರಲ್ಲಿ ಒಂದು ಚೂರು ಕಳಚಿ ಕರುವಿನ ತಲೆಗೆ ಏರಿತ್ತು.

ಒಳಮೈ ಒರಟಾಗಿದ್ದರಿಂದ ರಕ್ತ ಅಂಟಿತು ಎಂದು ಅವನು ತಿಳಿದ. ಉಜ್ಜಿ ನುಣುಪು ಮಾಡಿದ. ಎರಡನೆಯ ಕರು ಬಿತ್ತು. ಮುಖ ಕಾಣುವಷ್ಟು ಹೊಳಪು ತಂದ. ಮೂರನೆಯ ಕರುವೂ ಬಿತ್ತು. ಕರು ಕೊಡುತ್ತಿದ್ದವನು ಒಬ್ಬ ವ್ಯಾಪಾರಿ. ಅವನು ಹೇಳಿದ: "ಇನ್ನು ಒಂದೇ ಕರು ಕೊಡುತ್ತೇನೆ. ಅದೂ ಸತ್ತರೆ ನಿನ್ನ ಹೃದಯವನ್ನು ಕರಗಿಸಿ ದನದ ಕೊರಳಿಗೆ ಗಂಟೆ ಮಾಡಿಸು."

ಆ ಊರಿನಲ್ಲೇ ಆಗ ನನ್ನ ದೋಸೆ ಅಂಗಡಿ ಇತ್ತು. ನನ್ನ ದೋಸೆ ಎಷ್ಟು ತೆಳುವೆಂದರೆ, ಅದರ ಹಿಂದೆ ಪೇಪರು ಹಿಡಿದರೆ ಓದಬಹುದಿತ್ತು. ನನಗೆ ಓದು ಬಾರದು, ಓದಿದವರು ಹೇಳಿದರು. ನನ್ನ ಕಾವಲಿ ಬಿಸಿಯಾದರೆ ಮೂರು ಊರಿನ ನಾಯಿಗಳು ಬಾಲ ಆಡಿಸುತ್ತಿದ್ದವು.

ಯಂತ್ರಗಾರ ಬಂದು ಒಂಬತ್ತು ದೋಸೆ ತಿಂದ. ದುಃಖದಲ್ಲಿರುವವರು ಹೆಚ್ಚು ತಿನ್ನುತ್ತಾರೆ. ಮಧ್ಯಾಹ್ನ ನಾನು ಸ್ವಲ್ಪ ಅಡ್ಡಾದೆ. ಇಷ್ಟು ಚೆನ್ನಾಗಿ ಉಣಿಸಿದವನಿಗೆ ಉಪಕಾರ ಮಾಡೋಣವೆಂದು ಅವನು ನನ್ನ ಕರಿ ಕಾವಲಿಯನ್ನು ಒಲೆಯಿಂದ ಇಳಿಸಿದ. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ ಉಜ್ಜಿದ. ಅವನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ. ನಾನು ಎದ್ದು ನೋಡಿದಾಗ ಕಾವಲಿಯಲ್ಲಿ ನನ್ನ ಮೀಸೆ ಕಾಣುತ್ತಿತ್ತು.

"ಅಯ್ಯೋ, ಕಾವಲಿಯನ್ನೇ?" ಎಂದು ಚೆನ್ನಾಜಮ್ಮ ಎದ್ದೇ ಬಿಟ್ಟಳು. "ನಾನಾಗಿದ್ದರೆ ಆ ಮನುಷ್ಯನ ಕೈ ಮುರಿಯುತ್ತಿದ್ದೆ."

"ಕೂತುಕೊ ತಾಯಿ, ಉಸಿರು ಕಟ್ಟೀತು. ನನಗೂ ಸಿಟ್ಟು ಬಂತು. ಆದರೆ ನನ್ನ ಒಂಬತ್ತು ದೋಸೆ ಅವನ ಹೊಟ್ಟೆಯಲ್ಲಿದ್ದವು. ಹೊಡೆಯಲು ಮನಸ್ಸಾಗಲಿಲ್ಲ."

ಹಿಟ್ಟು ಹಾಕಿದೆ. ದೋಸೆ ಹಿಡಿದುಕೊಂಡಿತು. ಸಟ್ಟುಗದಿಂದ ಎಬ್ಬಿಸಿದರೆ ಚೂರುಚೂರಾಗಿ ಬಂತು. ಯಂತ್ರಗಾರ ಕೇಳಿದ: "ಇಷ್ಟು ನುಣುಪಾಗಿದೆ. ಏಕೆ ಅಂಟುತ್ತದೆ?"

ನಾನು ಹೇಳಿದೆ: "ಕಬ್ಬಿಣ ಬರಿಮೈಯಲ್ಲಿದೆ. ಹಿಟ್ಟಿಗೆ ಅದರ ಗುರುತಿಲ್ಲ. ನೋಡುತ್ತಿರು."

ಅವನ ಕಣ್ಣೆದುರೇ ಕಾವಲಿಯನ್ನು ಪಳಗಿಸಲು ಹಿಡಿದೆ. ಮರಳಿನಲ್ಲಿ ತಿಕ್ಕಿ ಅವನು ತಂದ ಹೊಳಪನ್ನು ಕೆಡಿಸಿದೆ. ಎಣ್ಣೆ ಕುಡಿಸಿದೆ. ಈರುಳ್ಳಿ ಹೋಳಿನಿಂದ ಉಜ್ಜಿದೆ. ಮೊದಲ ದೋಸೆ ಅಂಟಿತು. ಮೇಲಿನದನ್ನು ತೆಗೆದೆ. ತಳ ಹಿಡಿದ ತೆಳುಪೊರೆಯನ್ನು ಕೆರೆಯಲಿಲ್ಲ. ಹಾಗೆಯೇ ಕರಿಯಾಗಲು ಬಿಟ್ಟೆ. ಮತ್ತೆ ಎಣ್ಣೆ, ಮತ್ತೆ ಹಿಟ್ಟು. ಅದೂ ಅಂಟಿತು. ಹೀಗೆ ಎಂಟು ದಿನ. ಒಂಬತ್ತನೆಯ ದಿನ ದೋಸೆ ತಾನಾಗಿಯೇ ಅಂಚು ಬಿಟ್ಟು ಎದ್ದಿತು.

ಯಂತ್ರಗಾರ ಬಗ್ಗಿ ನೋಡಿದ. "ಕಬ್ಬಿಣ ಎಲ್ಲಿ ಹೋಯಿತು?" ಎಂದ.

"ಅಲ್ಲೇ ಇದೆ. ಈಗ ದೋಸೆ ಕಬ್ಬಿಣವನ್ನು ಮುಟ್ಟುತ್ತಿಲ್ಲ. ತನಗಿಂತ ಮೊದಲು ಬಂದ ದೋಸೆಗಳನ್ನು ಮುಟ್ಟುತ್ತಿದೆ."

ಅವನು ಎದ್ದು ಓಡಿದ. ಚಪ್ಪಲಿ ನನ್ನ ಅಂಗಡಿಯಲ್ಲೇ ಉಳಿಯಿತು. ಯಂತ್ರದ ಒಳಮೈಯ ಹೊಳಪನ್ನೆಲ್ಲ ತೆಗೆದ. ಚಿರೋಟಿ ರವೆಗಿಂತ ಸಣ್ಣ ಲೋಹದ ಕಾಳುಗಳನ್ನು ಅಲ್ಲಿ ಒತ್ತೊತ್ತಾಗಿ ಬೆಸೆದ. ಕೊನೆಯ ಕರುವಿಗೆ ಅದನ್ನು ಕೂಡಿಸಿದ. ಮೊದಲು ಬಂದ ರಕ್ತ ಆ ಕಾಳುಗಳ ಸಂದಿಯಲ್ಲಿ ಹಿಡಿದುಕೊಂಡಿತು. ನುಣುಪಿನ ಮೇಲೆ ಕೂತ ರಕ್ತಕ್ಕೆ ಹಿಡಿತವಿರಲಿಲ್ಲ, ಗಡ್ಡೆಯಾಗಿ ಕಳಚುತ್ತಿತ್ತು. ಇಲ್ಲಿ ಕಳಚಲಿಲ್ಲ. ತೆಳ್ಳಗೆ ಹರಡಿ ಪೊರೆಯಾಯಿತು. ಹಿಂದಿನಿಂದ ಬಂದ ರಕ್ತ ಲೋಹವನ್ನು ಕಾಣಲೇ ಇಲ್ಲ. ತನ್ನವರನ್ನೇ ಸವರಿಕೊಂಡು ಮುಂದೆ ಹೋಯಿತು.

ನಾಲ್ಕನೆಯ ದಿನ ಕರು ಬೀಳಲಿಲ್ಲ. ನಾಲ್ಕನೆಯ ತಿಂಗಳೂ ಬೀಳಲಿಲ್ಲ. ಒಂದು ಬೆಳಿಗ್ಗೆ ಹಗ್ಗ ಕಿತ್ತುಕೊಂಡು ವ್ಯಾಪಾರಿಯ ಹಿತ್ತಲಿಗೆ ನುಗ್ಗಿ ಅವನ ಎಲೆಕೋಸನ್ನೆಲ್ಲ ತಿಂದಿತು. ಅವನು ಹಿಡಿಯಲು ಓಡಿ ಓಡಿ ಸುಸ್ತಾಗಿ ಕುಳಿತ. ಕರುವಿಗೆ ಸುಸ್ತಾಗಲಿಲ್ಲ.

ನಾನು ಇಷ್ಟು ಹೇಳಿ ಎಲೆ ಅಡಿಕೆಗೆ ಕೈ ಹಾಕಿದೆ. ತಿಪ್ಪೇಶಿಗೆ ಇನ್ನೂ ಸಮಾಧಾನವಿರಲಿಲ್ಲ.

"ಪಂಪು ಕೂಡಿಸಿದ ಮೇಲೂ ರಕ್ತ ಗಟ್ಟಿಯಾಗದಂತೆ ದಿನಾ ಮಾತ್ರೆ ನುಂಗಬೇಕಂತೆ. ಜೀವ ಇರುವ ತನಕ. ಒಪ್ಪಿಕೊಂಡ ಮೇಲೆ ಮಾತ್ರೆ ಏಕೆ?"

"ಪಳಗಿದ ಕಾವಲಿ ಎಂದು ನಿಮ್ಮ ಹೋಟೆಲಿನಲ್ಲಿ ಎಣ್ಣೆ ಸವರುವುದನ್ನು ಬಿಟ್ಟಿದ್ದೀರೇನಯ್ಯ?"

ಚೆನ್ನಾಜಮ್ಮನ ಮುಖ ಸ್ವಲ್ಪ ಸಡಿಲಾಗಿತ್ತು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಿ ನನಗೆ ಅಭ್ಯಾಸವಿಲ್ಲ.

"ಇನ್ನೊಂದು ಮಾತು ಕೇಳು. ಆ ಯಂತ್ರಗಾರ ಉಜ್ಜಿದ, ನಾನು ಎಂಟು ದಿನ ಪಳಗಿಸಿದ ಕಾವಲಿ ಇದೆಯಲ್ಲ, ಅದನ್ನೇ ನೀನು ಹೋಟೆಲು ತೆರೆದಾಗ ನಿನಗೆ ಕೊಟ್ಟದ್ದು. ಈಗಲೂ ನಿನ್ನ ಒಲೆಯ ಮೇಲಿರುವುದು ಅದೇ."

ಚೆನ್ನಾಜಮ್ಮ ತಲೆ ಎತ್ತಿದಳು.

"ಯಾವುದು? ನನ್ನ ಕಾವಲಿಯೇ?"

"ಅದೇ."

"ಗುರುಗಳೇ, ನೀವು ಕೊಟ್ಟದ್ದು ಹೊಚ್ಚ ಹೊಸ ಕಾವಲಿ. ಅಂಗಡಿಯ ಚೀಟಿ ಅದರ ಬೆನ್ನಿಗೆ ಇನ್ನೂ ಅಂಟಿತ್ತು. ಹೇಗೆ ಪಳಗಿಸಲಿ ಎಂದು ಕೇಳಿದೆ. 'ನಿನಗೇ ತಿಳಿಯುತ್ತದೆ ಹೋಗು' ಎಂದು ಹೇಳಿ ನೀವು ಮಗಳ ಊರಿಗೆ ಬಸ್ಸು ಹತ್ತಿದಿರಿ. ಎಂಟು ದಿನ ಅಂಟಿತು. ಎಂಟು ದಿನ ಒಲೆಯ ಮುಂದೆ ಅತ್ತಿದ್ದೇನೆ. ಬಂದ ಗಿರಾಕಿಗಳು ಉಪ್ಪಿಟ್ಟು ತಿಂದು ಹೋದರು. ಒಂಬತ್ತನೆಯ ದಿನ ದೋಸೆ ಎದ್ದಿತು. ಅದು ನನ್ನ ಕತೆ! ನೀವು ಊರಿಗೆ ಬಂದ ದಿನ ನಾನೇ ನಿಮಗೆ ಹೇಳಿದ್ದು. ಅದರೊಳಗೆ ಈ ಯಂತ್ರಗಾರ ಎಲ್ಲಿಂದ ಬಂದ? ಕರು ಎಲ್ಲಿಂದ ಬಂತು?"

"ಸಿಕ್ಕಿಬಿದ್ದರು" ಎಂದು ತಿಪ್ಪೇಶಿ ತೊಡೆ ತಟ್ಟಿ ನಕ್ಕ.

ನಾನು ಹೆಗಲ ಮೇಲಿನ ಟವೆಲ್ಲನ್ನು ಒದರಿ ಮತ್ತೆ ಹಾಕಿಕೊಂಡೆ.

"ಇರಲಿ ಬಿಡು. ಯಾರದೋ ಕಬ್ಬಿಣವನ್ನು ಎಂಟು ದಿನದಲ್ಲಿ ನಿನ್ನದು ಮಾಡಿಕೊಂಡವಳು ನೀನೇ ಆದರೆ, ಆಗುತ್ತದೆಯೇ ಎಂದು ನನ್ನನ್ನು ಏಕೆ ಕೇಳುತ್ತೀ?"

ಚೆನ್ನಾಜಮ್ಮ ಕಾಗದಕ್ಕಾಗಿ ಗಂಡನ ಕಡೆ ಕೈ ನೀಡಿದಳು.