ನಿಧಾನದ ಚೆಂಡು

“ಗುರುಗಳೇ, ನನ್ನ ಹತ್ತಿರ ಕಲಿತವರು ಯಾರೂ ನನ್ನ ಮಟ್ಟಕ್ಕೆ ಬರುವುದಿಲ್ಲ. ಏಕೆ?” ಎಂದು ಫಕೀರಪ್ಪ ಕೇಳಿದ. ಅವನು ಹೆಸರಾಂತ ಗಾಯಕ. ಸ್ವಂತ ಸಂಗೀತ ಶಾಲೆ ತೆರೆದು ಕೆಲವು ವರ್ಷಗಳಾಗಿದ್ದವು.

ಗುರುಗಳು ಈ ಕತೆ ಹೇಳಿದರು.

ಅಮೆರಿಕದಲ್ಲಿ ಒಬ್ಬ ಬೇಸ್‌ಬಾಲ್ ಆಟಗಾರನಿದ್ದ. ದಾಂಡಿಗನಿಗೆ ಚೆಂಡೆಸೆಯುವುದು ಅವನ ಕೆಲಸ. ಅವನ ಚೆಂಡಿನ ವೇಗಕ್ಕೆ ಎಂಥವರೂ ತಡಬಡಿಸುತ್ತಿದ್ದರು. ಒಂದು ದಿನ ಎಸೆಯುವಾಗಲೇ ಭುಜದ ಸ್ನಾಯು ಹರಿಯಿತು. ಅವನ ಆಟದ ದಿನಗಳು ಮುಗಿದವು. ಆದರೆ ತಂಡದ ಮಾಲೀಕರು ಅವನನ್ನು ಬಿಟ್ಟುಕೊಡಲಿಲ್ಲ. ಆಟಗಾರರನ್ನು ಆರಿಸಿ ತಂಡ ಕಟ್ಟುವ ಅಧಿಕಾರಿಯನ್ನಾಗಿ ಮಾಡಿದರು.

ಅವನು ತನ್ನಂತೆ ವೇಗವಾಗಿ ಎಸೆಯುವವರನ್ನೇ ಆರಿಸಿದ. ಎದುರಾಳಿಗಳು ವೇಗಕ್ಕೆ ಪಳಗಿಬಿಟ್ಟರು. ತಂಡ ಸೋಲುತ್ತಲೇ ಹೋಯಿತು.

ಒಮ್ಮೆ ಸಣ್ಣ ಊರೊಂದರ ಮೈದಾನದಲ್ಲಿ ಒಬ್ಬ ಎಸೆತಗಾರನನ್ನು ಕಂಡ. ಸೊಂಟ ಬಗ್ಗಿಸಿ, ಪಕ್ಕದಿಂದ ಕೈ ಬೀಸಿ ಎಸೆಯುತ್ತಿದ್ದ. ಚೆಂಡು ತೂಕಡಿಸುತ್ತ ಬಂದಂತೆ ಬರುತ್ತಿತ್ತು. ನೋಡಿದವನಿಗೆ ನಗು ಬಂತು. ಆದರೆ ಅದನ್ನು ಹೊಡೆಯಲು ಅಲ್ಲಿ ಯಾರಿಗೂ ಆಗಲಿಲ್ಲ. ನಗು ನಿಂತಿತು. ಆ ಎಸೆತಗಾರನನ್ನು ತಂಡಕ್ಕೆ ಕರೆತಂದ. ಪತ್ರಿಕೆಗಳು ಗೇಲಿ ಮಾಡಿದವು.

ಆ ವರ್ಷ ತಂಡ ಫೈನಲ್ ತಲುಪಿತು. ಕೊನೆಯ ಗಳಿಗೆ. ಒಂದೇ ಒಂದು ರನ್ ಮುಂದಿದ್ದಾರೆ. ಎದುರಿಗೆ ಆನೆಯಂಥ ದಾಂಡಿಗ. ಒಂದು ಹೊಡೆತ ಬಿದ್ದರೆ ಎಲ್ಲವೂ ಹೋಯಿತು. ಮೈದಾನದಲ್ಲಿರುವವನು ನಿಧಾನದ ಎಸೆತಗಾರ. ತರಬೇತುದಾರ ಅಧಿಕಾರಿಯ ಬಳಿಗೆ ಓಡಿ ಬಂದ.

“ಇವನನ್ನು ತೆಗೆದು ವೇಗದವನನ್ನು ಇಳಿಸಲೇ? ಬೇಗ ಹೇಳಿ!”

ಅಧಿಕಾರಿಯ ಹಳೆಯ ರಕ್ತ ಕುದಿಯಿತು. ವೇಗ, ವೇಗ ಎಂದು ಮೈಯೆಲ್ಲ ಕೂಗಿತು. ಹಲ್ಲು ಕಚ್ಚಿ ಹೇಳಿದ: “ಬೇಡ. ಅವನ ಚೆಂಡನ್ನು ಅವನೇ ಎಸೆಯಲಿ.”

ಕೊನೆಯ ಚೆಂಡು ಹೊರಟಿತು. ದಾಂಡಿಗ ಬಲವೆಲ್ಲ ಹಾಕಿ ಬೀಸಿದ. ಬೀಸಿ ಮುಗಿದ ಮೇಲೆ ಚೆಂಡು ಬಂತು! ದಾಂಡಿಗ ಔಟಾದ, ತಂಡ ಗೆದ್ದಿತು. ಮೈದಾನ ಸಿಡಿದೆದ್ದಿತು. ಅಧಿಕಾರಿ ಕುರ್ಚಿಯ ಮೇಲೆ ಹತ್ತಿ ಗಂಟಲು ಬಿರಿಯುವಂತೆ ಕೂಗಿದ. ಇಳಿದು, ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡ. ತಾನೇ ಆಡಿ ಗೆದ್ದ ದಿನಗಳಲ್ಲೂ ಅವನು ಹಾಗೆ ಕುಣಿದಿರಲಿಲ್ಲ.

ಕತೆ ಕೇಳುತ್ತಿದ್ದ ಫಕೀರಪ್ಪ ಎದ್ದು ನಿಂತಿದ್ದ. “ಎಂಥ ಗೆಲುವು! ಅಂಥವರು ನನಗೂ ಒಬ್ಬರು ಸಿಗಬಾರದೇ?” ಎಂದ.

“ಹೋದ ತಿಂಗಳು ನೀನು ಶಾಲೆಯಿಂದ ಕಳಿಸಿಬಿಟ್ಟೆಯಲ್ಲ, ಆ ಹುಡುಗಿ ಹೇಗೆ ಹಾಡುತ್ತಿದ್ದಳು?” ಎಂದು ಗುರುಗಳು ಕೇಳಿದರು.